ಆಕಾಶವಾಣಿ ಟ್ಯೂನ್ ಮಾಡಿದ್ದು ಜರ್ಮನ್ ಮನುಷ್ಯನಾ? ಸರಿಯಾಗಿ ಗೊತ್ತಿರೋರು ಹೇಳಿ

ಅಟ್ಟದ ರೇಡಿಯೋ:
ತಾತನ ಕಾಲದ ವಾಲ್ವ್ ರೇಡಿಯೋ ಒಂದು ಅಟ್ಟದ ಮೇಲೆ ಬಿದ್ದಿತ್ತು. ಹೋದ ಭಾನುವಾರ ಇಳಿಸಿದೆ. ಧೂಳು ಒರೆಸಿ, ಒಳಗಿದ್ದ ಹಲ್ಲಿ ಮೊಟ್ಟೆ ತೆಗೆದು, ಪ್ಲಗ್ ಹಾಕಿದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹಿಂದುಗಡೆ ವಾಲ್ವ್‌ಗಳು ಕೆಂಡದ ಹಾಗೆ ಕೆಂಪಾದವು, ಸ್ಪೀಕರ್‌ನಿಂದ ಗುಂಯ್ ಅಂತ ಸದ್ದು ಶುರುವಾಯಿತು. ಮುಳ್ಳು ತಿರುಗಿಸಿದರೆ ಸ್ಟೇಷನ್ನೂ ಸಿಕ್ಕಿತು!

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇದ್ದಾಗ ಮತ್ತೆ ಹಾಕಿದೆ. ಆ ಟ್ಯೂನ್ ಬಂತು. ಗೊತ್ತಲ್ವಾ, ಹಿಂದೆ ತಂಬೂರಿ ಮೀಟುತ್ತಾ ಇರುತ್ತದೆ, ಮೇಲೆ ಪಿಟೀಲು ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತದೆ, ವಂದೇ ಮಾತರಂ ಬರೋವರೆಗೂ. ಒಂಬತ್ತು ವರ್ಷದ ಮಗಳು ಹಲ್ಲುಜ್ಜುತ್ತಾ ಬಂದು "ಅಪ್ಪಾ, ಇದನ್ನ ಯಾರು ಮಾಡಿದ್ದು?" ಅಂದಳು. ನಲವತ್ತು ವರ್ಷದಿಂದ ಕೇಳುತ್ತಿದ್ದೀನಿ, ಒಂದು ದಿನವೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ರವಿಶಂಕರ್ ಇರಬೇಕು ಅಂತ ಹೇಳಿಬಿಟ್ಟೆ. ಆಮೇಲೆ ನೋಡಿದರೆ ವಾಲ್ಟರ್ ಕೌಫ್‌ಮನ್ ಅಂತೆ, ಜರ್ಮನ್ ಅಂತೆ. ಆಫೀಸಿನಲ್ಲಿ ಒಬ್ಬರು ಅಲ್ಲ, ಅದು ಇಂಗ್ಲಿಷ್ ಮನುಷ್ಯ ಅಂದರು. ಯಾವುದು ನಿಜ? ಮಗಳ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕು.

ಸುಮ್ನೆ ಓದುವವಳು:
ರವಿಶಂಕರ್ ಅಂತಾನೇ ನಾನೂ ನಂಬಿದ್ದೆ. ಇವತ್ತಿನವರೆಗೂ.

ತಂತಿ ತಮ್ಮಣ್ಣ:
ಟ್ಯೂನ್ ವಿಷಯ ಆಮೇಲೆ. ಹತ್ತಾರು ವರ್ಷ ಸುಮ್ಮನೆ ಬಿದ್ದಿದ್ದ ವಾಲ್ವ್ ಸೆಟ್ಟಿಗೆ ನೇರವಾಗಿ ಕರೆಂಟ್ ಕೊಟ್ಟಿರಾ? ದೇವರು ದೊಡ್ಡವನು. ಒಳಗಿನ ಕೆಪಾಸಿಟರ್ ಒಣಗಿರುತ್ತೆ, ಢಮಾರ್ ಅನ್ನಬಹುದಿತ್ತು. ಗುಂಯ್ ಅಂತಿದೆ ಅಂದ್ರಲ್ಲ, ಅದು ಅದೇ. ದಯವಿಟ್ಟು ಇನ್ನೊಂದು ಸಲ ಹಾಕಬೇಡಿ.

ಬರ್ಲಿನ್ ಭಟ್ಟ:
ಕೌಫ್‌ಮನ್ ಅಂತಲೇ ಹೆಚ್ಚಿನವರು ಒಪ್ಪೋದು. ಆದರೆ "ಜರ್ಮನ್" ಅಂದರೆ ಅರ್ಧ ಸರಿ. ಹುಟ್ಟಿದ್ದು 1907ರ ಏಪ್ರಿಲ್ 1ರಂದು, ಕಾರ್ಲ್ಸ್‌ಬಾಡ್ ಅನ್ನೋ ಬಿಸಿನೀರ ಬುಗ್ಗೆಗಳ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ. 1918ರ ನಂತರ ಚೆಕೊಸ್ಲೊವಾಕಿಯಾ. ಈಗ ಚೆಕ್ ದೇಶ, ಊರಿನ ಹೆಸರು ಕಾರ್ಲೊವಿ ವಾರಿ. ಮನೆಮಾತು ಜರ್ಮನ್, ಧರ್ಮ ಯಹೂದಿ, ಓದಿದ್ದು ಬರ್ಲಿನ್‌ನಲ್ಲಿ ಮತ್ತು ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ. ಏನಂತ ಕರೀತೀರೋ ಕರೀರಿ.

ಬರ್ಲಿನ್‌ನಲ್ಲಿ ಅವರಿಗೆ ಕಂಪೋಸಿಶನ್ ಹೇಳಿಕೊಟ್ಟಿದ್ದು ಫ್ರಾನ್ಸ್ ಶ್ರೇಕರ್. ಆ ಕಾಲಕ್ಕೆ ಆಪೆರಾ, ಅಂದರೆ ಹಾಡಿನಲ್ಲೇ ನಡೆಯೋ ನಾಟಕದ ಲೋಕದ ದೊಡ್ಡ ಹೆಸರು. ಸಂಗೀತಶಾಸ್ತ್ರ ಹೇಳಿಕೊಟ್ಟಿದ್ದು ಕುರ್ಟ್ ಸಾಕ್ಸ್. ನಾಜಿಗಳು ಬಂದಾಗ ಇಬ್ಬರಿಗೂ ಕೆಲಸ ಹೋಯಿತು. ಶ್ರೇಕರ್ 1934ರಲ್ಲಿ ತೀರಿಕೊಂಡರು, ಸಾಕ್ಸ್ ಪ್ಯಾರಿಸ್‌ಗೆ ಓಡಿ ಅಲ್ಲಿಂದ ನ್ಯೂಯಾರ್ಕ್ ಸೇರಿದರು.

ಕುಡ್ಲದ ಕಾಂತ:
ಮಾರಾಯ್ರೆ, ಗಡಿ ಮೂರು ಸಲ ಬದಲಾದರೆ ಮನುಷ್ಯ ಏನು ಮಾಡುವುದು? ನಮ್ಮ ಅಜ್ಜ ಹುಟ್ಟಿದ್ದು ಮದ್ರಾಸು ಪ್ರಾಂತ್ಯದಲ್ಲಿ, ಸತ್ತದ್ದು ಕರ್ನಾಟಕದಲ್ಲಿ, ಮನೆ ಬಿಟ್ಟು ಆಚೆ ಹೋದವರೇ ಅಲ್ಲ. ಜರ್ಮನ್ ಅಂತಲೇ ಇಟ್ಟುಕೊಳ್ಳಿ.

ಹಳೇ ಕಡತ:
ಇಟ್ಟುಕೊಳ್ಳೋದು ಅಷ್ಟು ಸುಲಭ ಅಲ್ಲ ಸರ್. ಯಾರು ಜರ್ಮನ್, ಯಾರು ಅಲ್ಲ ಅನ್ನೋ ಪಟ್ಟಿ ಮಾಡಿಯೇ ಅವರನ್ನೆಲ್ಲ ಓಡಿಸಿದ್ದು. ಪ್ರಾಗ್‌ನಲ್ಲಿ ಕೌಫ್‌ಮನ್ ಪ್ರಬಂಧ ಬರೆದು ಮುಗಿಸಿದ್ದರು. ಆಮೇಲೆ ತಮ್ಮ ಮೇಷ್ಟ್ರು ಗುಸ್ತಾವ್ ಬೆಕಿಂಗ್ ಅಲ್ಲಿನ ನಾಜಿ ಯುವಕರ ಗುಂಪಿನ ಮುಖಂಡ ಅಂತ ಗೊತ್ತಾಯಿತು. ಈ ಮನುಷ್ಯನ ಕೈಯಿಂದ ಡಾಕ್ಟರೇಟ್ ಬೇಡ ಅಂತ ಬಿಟ್ಟುಬಿಟ್ಟರು. ಓದು ಮುಗಿಸಿ, ಪದವಿ ಮುಂದಿದ್ದಾಗ ಬೇಡ ಅನ್ನೋದು. ಎಷ್ಟು ಜನ ಮಾಡ್ತಾರೆ?

ಪಿಎಚ್‌ಡಿ ಆರನೇ ವರ್ಷ:
ನಾನಂತೂ ಮಾಡಲ್ಲ. ಗೈಡ್ ಯಾವ ಪಾರ್ಟಿ ಆದರೂ ಸಹಿ ಹಾಕಿದರೆ ಸಾಕು.

ಹಳೇ ಕಡತ:
😄 ನಿಮ್ಮ ಕಷ್ಟ ಅರ್ಥ ಆಗತ್ತೆ.

ಅಟ್ಟದ ರೇಡಿಯೋ:
ಬರ್ಲಿನ್ ಭಟ್ಟರೇ, ಸರಿ. ಆದರೆ ಬಾಂಬೆಗೆ ಯಾಕೆ ಬಂದರು? ಆಗ ಎಲ್ಲರೂ ಅಮೆರಿಕ, ಇಂಗ್ಲೆಂಡ್ ಅಂತ ಹೋಗ್ತಿದ್ದರಲ್ವಾ?

ಬರ್ಲಿನ್ ಭಟ್ಟ:
ಒಂದು ಕಾರಣ ವೀಸಾ. ಭಾರತಕ್ಕೆ ಬೇಗ ಸಿಕ್ಕಿತು ಅಂತ ಅವರೇ ಹೇಳಿದ್ದಾರೆ. ಇನ್ನೊಂದು, ಮೊದಲಿಂದಲೂ ಯೂರೋಪಿನ ಹೊರಗಿನ ಸಂಗೀತದ ಹುಚ್ಚು. ಅದು ಸಾಕ್ಸ್ ಹತ್ತಿಸಿದ್ದು. ಈ ಸಾಕ್ಸ್, ಹೋರ್ನ್‌ಬೋಸ್ಟೆಲ್ ಅನ್ನೋರ ಜೊತೆ ಸೇರಿ 1914ರಲ್ಲಿ ಪ್ರಪಂಚದ ವಾದ್ಯಗಳನ್ನೆಲ್ಲ ನಾಲ್ಕು ಗುಂಪು ಮಾಡಿ ಇಟ್ಟರು. ಇವತ್ತಿಗೂ ಮ್ಯೂಸಿಯಮ್‌ಗಳಲ್ಲಿ ಅದೇ ನಡೆಯೋದು.

ಶ್ರುತಿಪೆಟ್ಟಿಗೆ:
ನಾಲ್ಕು ಗುಂಪು ಅಂದ್ರಲ್ಲ, ಅದು ನಮ್ಮ ನಾಟ್ಯಶಾಸ್ತ್ರದ್ದೇ ದಾರಿ! ತತ, ಸುಷಿರ, ಅವನದ್ಧ, ಘನ. ತಂತಿಯದು, ಊದೋದು, ಚರ್ಮದ್ದು, ಗಟ್ಟಿ ಲೋಹದ್ದು. ಬ್ರಸೆಲ್ಸ್‌ನ ಮಾಹಿಯೋಂ ಅನ್ನೋರು ಅದನ್ನು ಮೊದಲು ತಗೊಂಡರು, ಅವರಿಂದ ಸಾಕ್ಸ್ ಕೈಗೆ ಬಂತು. ಮಕ್ಕಳಿಗೆ ಥಿಯರಿ ಪಾಠದಲ್ಲಿ ಇದನ್ನು ಹೇಳಿದಾಗೆಲ್ಲ ನನಗೇ ಖುಷಿ.

ಕುಡ್ಲದ ಕಾಂತ:
ಬಂತು ನೋಡಿ, ಎಲ್ಲವೂ ನಮ್ಮದೇ. ಇನ್ನು ವಿಮಾನ ಯಾವಾಗ?

ಶ್ರುತಿಪೆಟ್ಟಿಗೆ:
ವಿಮಾನದ ವಿಷಯ ನನಗೆ ಗೊತ್ತಿಲ್ಲ ಕಾಂತ ಅವರೇ. ವಾದ್ಯದ ವಿಷಯ ಗೊತ್ತು.

ಹಳೇ ಕಡತ:
ಬಂದಿದ್ದು 1934ರ ಶುರುವಿನಲ್ಲಿ, 26-27 ವಯಸ್ಸು. ಅವರ ಕಾಗದದಲ್ಲಿ ಒಂದು ಮಾತಿದೆ, ನನಗೆ ತುಂಬಾ ಇಷ್ಟ. ನಮ್ಮ ಸಂಗೀತದ ರೆಕಾರ್ಡ್ ಮೊದಲು ಕೇಳಿದಾಗ ಒಂಚೂರೂ ಅರ್ಥ ಆಗಲಿಲ್ಲವಂತೆ. ಆದರೆ ಇದನ್ನು ಮಾಡಿದವರಿಗೂ ತಲೆ ಇದೆ, ಹೃದಯ ಇದೆ, ಲಕ್ಷಾಂತರ ಜನ ಇದನ್ನು ಇಷ್ಟಪಡುತ್ತಾರೆ, ಹಾಗಾದರೆ ತಪ್ಪು ನನ್ನದೇ ಇರಬೇಕು ಅಂದುಕೊಂಡರು. ಹುಟ್ಟಿದ ಜಾಗಕ್ಕೇ ಹೋಗಿ ಕಲಿಯೋಣ ಅಂತ ಹೊರಟರು. ಆ ಕಾಲದ ಎಷ್ಟೋ ಬಿಳಿಯರು ನಮ್ಮ ಸಂಗೀತ ಕೇಳಿ ಬೆಕ್ಕಿನ ಕೂಗು ಅಂತ ನಕ್ಕು ಸುಮ್ಮನಾಗುತ್ತಿದ್ದರು.

ಬಂದು ಕೆಲವೇ ತಿಂಗಳಲ್ಲಿ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದರು. ಚೇಂಬರ್ ಅಂದರೆ ಕೆಲವೇ ವಾದ್ಯಗಳ ಸಣ್ಣ ಗುಂಪಿನ ಸಂಗೀತ. ವಿಲ್ಲಿಂಗ್ಡನ್ ಜಿಮ್‌ಖಾನಾದಲ್ಲಿ ಪ್ರತಿ ಗುರುವಾರ ಕಚೇರಿ. ಪಿಯಾನೋ ಇವರು, ಚೆಲ್ಲೋಗೆ (ದೊಡ್ಡ ಪಿಟೀಲಿನಂಥದ್ದು) ಎಡಿಜಿಯೊ ವೆರ್ಗಾ ಅನ್ನೋ ಇಟಲಿಯವರು, ಪಿಟೀಲು ಮೆಹ್ಲಿ ಮೆಹ್ತಾ. 1937ರ ಮೇ ಹೊತ್ತಿಗೆ 136 ಕಚೇರಿ ಆಗಿತ್ತು.

ಸುಮ್ನೆ ಓದುವವಳು:
ಮೆಹ್ಲಿ ಮೆಹ್ತಾ ಅಂದ್ರೆ ಆರ್ಕೆಸ್ಟ್ರಾ ನಡೆಸೋದಕ್ಕೆ ಹೆಸರಾದ ಜುಬಿನ್ ಮೆಹ್ತಾ ಅವರ?

ಹಳೇ ಕಡತ:
ಅಪ್ಪ. ಜುಬಿನ್ ಹುಟ್ಟಿದ್ದು 1936ರ ಏಪ್ರಿಲ್. ಟ್ಯೂನ್ ಹುಟ್ಟಿದ್ದೂ ಅದೇ ವರ್ಷ ಅಂತಾರೆ. ಅದರಲ್ಲಿ ನಾವು ಕೇಳುವ ಪಿಟೀಲೂ ಮೆಹ್ಲಿ ಅವರದೇ ಅನ್ನೋದು ರೂಢಿ.

ವಾದಪ್ರಿಯ:
ಇಲ್ಲೇ ನನ್ನ ತಕರಾರು. ಕೌಫ್‌ಮನ್ ಬಾಂಬೆ ರೇಡಿಯೋ ಕೆಲಸಕ್ಕೆ ಸೇರಿದ್ದು 1937ರಲ್ಲಿ. ಟ್ಯೂನ್ 1936ರದ್ದು. ಕೆಲಸಕ್ಕೇ ಸೇರದವನು ಟ್ಯೂನ್ ಮಾಡಿಕೊಟ್ಟನಾ? ದೆಹಲಿಯಲ್ಲಿ ಜಾನ್ ಫೌಲ್ಡ್ಸ್ ಅಂತ ಇಂಗ್ಲಿಷ್ ಕಂಪೋಸರ್ ಇದ್ದರು, ಅಟ್ಟದ ರೇಡಿಯೋ ಅವರ ಆಫೀಸಿನವರು ಹೇಳಿದ್ದು ಅವರನ್ನೇ ಇರಬೇಕು. ಠಾಕೂರ್ ಬಲವಂತ್ ಸಿಂಗ್ ಅನ್ನೋರದ್ದು ಅಂತಲೂ ಹೇಳುವವರಿದ್ದಾರೆ. ಎಲ್ಲರೂ ಕೌಫ್‌ಮನ್ ಕೌಫ್‌ಮನ್ ಅಂತ ಒಬ್ಬರನ್ನು ನೋಡಿ ಒಬ್ಬರು ಬರೀತಿದ್ದಾರೆ ಅಷ್ಟೇ.

ಬರ್ಲಿನ್ ಭಟ್ಟ:
ಫೌಲ್ಡ್ಸ್ ಕೂಡ ರೇಡಿಯೋ ಕೆಲಸಕ್ಕೆ ಸೇರಿದ್ದು 1937ರಲ್ಲೇ. ನಿಮ್ಮ ತಕರಾರು ಅವರಿಗೂ ಅನ್ವಯ ಆಗುತ್ತೆ. ಮತ್ತೆ, 1936ರಲ್ಲಿ ಇಡೀ ಬಾಂಬೆಗೆ ಪಾಶ್ಚಾತ್ಯ ಸಂಗೀತ ಅಂದರೆ ಕೌಫ್‌ಮನ್, ಮೆಹ್ತಾ ಗುಂಪೇ. ಅದೇ ಜೂನ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬಂದಿದ್ದು. ಹೊಸ ಹೆಸರಿಗೆ ಒಂದು ಗುರುತಿನ ಟ್ಯೂನ್ ಬೇಕು ಅಂದಾಗ ಊರಲ್ಲಿರೋ ಕಂಪೋಸರ್‌ನ ಕೇಳೋಕೆ ಅಪಾಯಿಂಟ್‌ಮೆಂಟ್ ಆರ್ಡರ್ ಬೇಕಾ?

ವಾದಪ್ರಿಯ:
ಇದು ಊಹೆ ಆಯ್ತು, ಸಾಕ್ಷಿ ಅಲ್ಲ.

ಬರ್ಲಿನ್ ಭಟ್ಟ:
ನಿಮ್ಮದೂ.

ಹಾರ್ಮೋನಿಯಂ ಹನಮಂತ:
ಫೌಲ್ಡ್ಸ್ ಹೆಸರು ತಗೀಬ್ಯಾಡ್ರಿ, ಹೊಟ್ಟಿ ಉರಿತದ. ಯಾಕಂತೀರೇನು? 1938ರಾಗ ಅಂವ ರೇಡಿಯೋದ ಪತ್ರಿಕಿಯೊಳಗ ಹಾರ್ಮೋನಿಯಂ ಬೈದು ಒಂದು ಲೇಖನ ಬರದ. ನಮ್ಮ ಶ್ರುತಿಗೆ ಅದು ಹೊಂದೂದಿಲ್ಲ, ಮನೆತನ ಹಾಳಾತು ಅನ್ನೂ ಹಂಗ. ಟಾಗೋರ್ ಅವರೂ ಹಾರ್ಮೋನಿಯಂ ಬ್ಯಾಡ ಅಂದ್ರು. 1940ರ ಮಾರ್ಚ್‌ನಿಂದ ರೇಡಿಯೋದಾಗ ಹಾರ್ಮೋನಿಯಂ ಬಂದ್! 1971ರ ತನಕಾ! ಮೂವತ್ತು ವರ್ಷರೀ. ಧಾರವಾಡ ಸ್ಟೇಷನ್ 1950ಕ್ಕ ಶುರುವಾತು, ಅಲ್ಲೂ ಇದs ಕಾಯ್ದೆ. ನಮ್ಮ ಅಜ್ಜ ಪೇಟಿ, ಅಂದ್ರ ಹಾರ್ಮೋನಿಯಂ, ಬಾರಿಸ್ತಿದ್ದ. ಮನ್ಯಾಗ ಗವಾಯಿಗಳು ಹಾಡಾಕ ಕುಂತ್ರ ಅಜ್ಜನ ಪೇಟಿನ ಬೇಕು, ರೇಡಿಯೋಕ್ಕ ಹೋದಾಗ ಅಜ್ಜ ಹೊರಗ ಕಟ್ಟಿ ಮ್ಯಾಲ ಕುಂಡ್ರತಿದ್ದ.

ಶ್ರುತಿಪೆಟ್ಟಿಗೆ:
ನಿಮ್ಮ ಅಜ್ಜನ ವಿಷಯಕ್ಕೆ ಬೇಜಾರಾಯ್ತು. ಆದರೆ ಫೌಲ್ಡ್ಸ್ ಹೇಳಿದ್ದರಲ್ಲಿ ತಪ್ಪೇನಿದೆ? ಪೇಟಿಯಲ್ಲಿ ಗಮಕ, ಅಂದರೆ ಸ್ವರವನ್ನು ಬಳುಕಿಸೋದು, ಬರಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರೋದೇ ಹೊರತು ಜಾರೋಕೆ ಆಗಲ್ಲ.

ಹಾರ್ಮೋನಿಯಂ ಹನಮಂತ:
ಹಂಗಂತ ಮೂವತ್ತು ವರ್ಷ ಬಾಗಲಾ ಹಾಕ್ತಾರೇನ್ರೀ ಅಕ್ಕಾರ? ನಿಮ್ಮ ಪಿಟೀಲೂ ಪರದೇಶದ್ದs. ಅದಕ್ಕ ಯಾಕ ಬಂದಿ ಇರಲಿಲ್ಲ?

ಶ್ರುತಿಪೆಟ್ಟಿಗೆ:
ಪಿಟೀಲಲ್ಲಿ ಜಾರಬಹುದು ಅಂತ.

ಅಟ್ಟದ ರೇಡಿಯೋ:
ಜಗಳ ಚೆನ್ನಾಗಿದೆ, ಆದರೆ ನನ್ನ ಮಗಳಿಗೆ ಏನು ಹೇಳಲಿ?

ವಾದಪ್ರಿಯ:
"ಕೌಫ್‌ಮನ್ ಅಂತಾರೆ" ಅಂತ ಹೇಳಿ. "ಅಂತಾರೆ" ಸೇರಿಸಿ.

ಶ್ರುತಿಪೆಟ್ಟಿಗೆ:
ಟ್ಯೂನ್ ಬಗ್ಗೆಯೇ ಒಂದು ಮಾತು. ಶಿವರಂಜನಿ ಅಂತ ಎಲ್ಲರೂ ಹೇಳೋದು. ಸ ರಿ ಗ ಪ ದ, ಐದೇ ಸ್ವರ, ಮ ಇಲ್ಲ, ನಿ ಇಲ್ಲ. ಮೋಹನದ ಗಾಂಧಾರವನ್ನು ಅಂತರದಿಂದ ಸಾಧಾರಣಕ್ಕೆ ಇಳಿಸಿದರೆ ಸಾಕು, ಶಿವರಂಜನಿ. ಮಕ್ಕಳಿಗೆ ನಾನು ತೋರಿಸೋದು ಹೀಗೆ: ಮೋಹನ ಹಾಡಿಸ್ತೀನಿ, ಎಲ್ಲರ ಮುಖ ಅರಳಿರುತ್ತೆ. ಈಗ ಗಾಂಧಾರ ಒಂದೇ ಒಂದು ಮನೆ ಕೆಳಗೆ ಅಂತೀನಿ. ಆ ಐದು ಸ್ವರ ಮತ್ತೆ ಹಾಡೋ ಹೊತ್ತಿಗೆ ಕೋಣೆ ಪೂರ್ತಿ ಸಂಜೆ ಆಗಿಬಿಡುತ್ತೆ. ಹೋದ ತಿಂಗಳು ಒಂದು ಮಗು "ಮಿಸ್, ಯಾರೋ ಊರಿಗೆ ಹೋದ ಹಾಗಿದೆ" ಅಂತು.

ಹಾಗಾಗಿ ನನಗೆ ಯಾವಾಗಲೂ ಅನಿಸೋದು, ಬೆಳಗಿನ ಟ್ಯೂನಿಗೆ ಈ ರಾಗ ಯಾಕೆ? ಭೂಪಾಲ ಇತ್ತು, ಬೌಳಿ ಇತ್ತು.

ಸುಮ್ನೆ ಓದುವವಳು:
ಮನೆಮಠ ಬಿಟ್ಟು ಬಂದ ಮನುಷ್ಯ ಮಾಡಿದ್ದಲ್ವಾ ಮೇಡಂ.

ವಾದಪ್ರಿಯ:
ಅದನ್ನೆಲ್ಲ ನಾವು ಅಂಟಿಸೋದು. ಐದು ಸ್ವರದ ರಾಗ ಪಾಶ್ಚಾತ್ಯ ಕಿವಿಗೆ ಹಿಡಿಯೋದು ಸುಲಭ, ಅವರ ಮೈನರ್ ಸ್ವರಶ್ರೇಣಿ ಥರ ಕೇಳುತ್ತೆ, ಅದಕ್ಕೆ ತಗೊಂಡಿರಬೇಕು. ಅಷ್ಟೇ.

ಸುಮ್ನೆ ಓದುವವಳು:
ಇದೂ ಊಹೆ ತಾನೇ 🙂

ಒಂಟಿಕೊಪ್ಪಲ್ ಒಂಟಿಗ:
ಟ್ಯೂನ್ ಬಿಡಿ, ಹೆಸರಿನ ವಿಷಯಕ್ಕೆ ಬನ್ನಿ. "ಆಕಾಶವಾಣಿ" ಅನ್ನೋ ಹೆಸರು ಮೈಸೂರಿನದು! 1935ರ ಸೆಪ್ಟೆಂಬರ್ 10. ಮಹಾರಾಜ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಶುರು ಮಾಡಿದ್ದು. ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬರೋಕೂ ಮುಂಚೆ. ಈಗಿನ ಮೈಸೂರು ಸ್ಟೇಷನ್‌ಗೂ ಆ ಮನೆಗೂ ನಡೆದು ಹೋಗೋ ದೂರ. ದೇಶಕ್ಕೆಲ್ಲ ಆ ಹೆಸರು ಹೋಗಿದ್ದು ಆಮೇಲೆ, 1950ರ ದಶಕದಲ್ಲಿ.

ವಾದಪ್ರಿಯ:
ಟಾಗೋರ್ ಕೊಟ್ಟ ಹೆಸರು ಅಂತಲ್ವಾ?

ಒಂಟಿಕೊಪ್ಪಲ್ ಒಂಟಿಗ:
ಟಾಗೋರ್ ಕಲ್ಕತ್ತದ ಶಾರ್ಟ್‌ವೇವ್‌ಗೆ ಪದ್ಯ ಬರೆದಿದ್ದು 1938ರಲ್ಲಿ. 35 ಮೊದಲಾ, 38 ಮೊದಲಾ? ನೀವೇ ಲೆಕ್ಕ ಹಾಕಿ. ನೊಬೆಲ್ ಬಂದವರ ಹೆಸರಿಗೆ ಎಲ್ಲ ಜಮಾ ಆಗುತ್ತೆ, ಸೈಕಾಲಜಿ ಮೇಷ್ಟ್ರನ್ನು ಯಾರು ಕೇಳ್ತಾರೆ.

ಅಟ್ಟದ ರೇಡಿಯೋ:
ಹಾಗಾದರೆ ಹೆಸರು ಮೈಸೂರಿನ ಮೇಷ್ಟ್ರದ್ದು, ಟ್ಯೂನ್ ಕಾರ್ಲ್ಸ್‌ಬಾಡ್‌ನವರದ್ದು, ಪಿಟೀಲು ಪಾರ್ಸಿಯವರದ್ದು. ಮಗಳು ಸ್ಕೂಲಲ್ಲಿ ಹೇಳಿದರೆ ಮಿಸ್ ನಂಬಲ್ಲ.

ಮಲ್ಲೇಶ್ವರಂ ಮೋಝಾರ್ಟ್:
ಮೈಸೂರು ಮತ್ತು ಜರ್ಮನ್ ಸಂಗೀತ ಅಂದ ಮೇಲೆ ಜಯಚಾಮರಾಜ ಒಡೆಯರ್ ಅವರನ್ನು ಬಿಡೋಕಾಗುತ್ತಾ? ಜರ್ಮನ್ ಕಂಪೋಸರ್ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಹಾಡಿದಾಗ ಹಣದ ಜವಾಬ್ದಾರಿ ಹೊತ್ತಿದ್ದು ನಮ್ಮ ಮಹಾರಾಜರು. ಫ್ಲಾಗ್‌ಸ್ಟಡ್ ಹಾಡಿದ್ದು, ಫುರ್ಟ್‌ವೆಂಗ್ಲರ್ ಆರ್ಕೆಸ್ಟ್ರಾ ನಡೆಸಿದ್ದು. ರಷ್ಯದ ಕಂಪೋಸರ್ ಮೆಟ್ನರ್ ಲಂಡನ್ನಿನಲ್ಲಿ ಯಾರೂ ಕೇಳೋರಿಲ್ಲದೆ ಕೂತಿದ್ದಾಗ ಅವರ ರೆಕಾರ್ಡುಗಳಿಗೆ ದುಡ್ಡು ಹಾಕಿದ್ದೂ ಇವರೇ. ತಾವು ಬರೆದಿದ್ದು ಮಾತ್ರ ಕರ್ನಾಟಕ ಸಂಗೀತದ ಕೃತಿಗಳು, 94.

ಕುಡ್ಲದ ಕಾಂತ:
ಜರ್ಮನ್ ಅಂದರೆ ನಮ್ಮ ಕಿಟ್ಟೆಲ್ ಇಲ್ಲವಾ? ನಿಘಂಟು ಎಲ್ಲರಿಗೂ ಗೊತ್ತು. ಏಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಕಥಾಮಾಲೆ ಅಂತ ಬರೆದರು, 1862ರಲ್ಲಿ. ಅದು ಓದುವುದಕ್ಕಲ್ಲ, ಹಾಡುವುದಕ್ಕೆ.

ಹಳೇ ಕಡತ:
ಎಲ್ಲಿಂದ ಎಲ್ಲಿಗೆ ಹೋಯ್ತು ಮಾತು! ಕೌಫ್‌ಮನ್‌ಗೆ ವಾಪಸ್ ಬರೋಣ. ಟ್ಯೂನ್ ಒಂದೇ ಅಲ್ಲ. 1938ರಲ್ಲಿ ಬಾಂಬೆ ಸ್ಟೇಷನ್‌ನಿಂದ ಅನಸೂಯಾ ಅಂತ ಅವರ ರೇಡಿಯೋ ಆಪೆರಾ ಪ್ರಸಾರ ಆಯ್ತು. ಮೋಹನ್ ಭವನಾನಿ ಅವರ ಕಂಪನಿಗೆ ಸಿನಿಮಾ ಸಂಗೀತ ಮಾಡಿದರು. ಹೆಂಡತಿ ಗೆರ್ಟಿ ಯಾರು ಗೊತ್ತಾ? ಪ್ರಾಗ್‌ನ ಹೆಸರಾಂತ ಲೇಖಕ ಕಾಫ್ಕಾ ಅವರ ಅಕ್ಕತಂಗಿಯರಲ್ಲಿ ಎಲ್ಲಿ (Elli) ಅನ್ನೋರ ಮಗಳು. ಕಾಫ್ಕಾ ಸೋದರಮಾವ ಆಗಬೇಕು.

ಪಿಎಚ್‌ಡಿ ಆರನೇ ವರ್ಷ:
ಏನು?! ಕಾಫ್ಕಾ ಸೋದರಸೊಸೆ ಬಾಂಬೆ ವಾರ್ಡನ್ ರೋಡಲ್ಲಿ ತರಕಾರಿ ಕೊಳ್ತಿದ್ದಳಾ?

ಹಳೇ ಕಡತ:
ಯೂರೋಪಿನಲ್ಲಿ ಉಳಿದವರ ಕಥೆ ಬೇರೆ. ಕಾಫ್ಕಾಗೆ ಮೂವರು ತಂಗಿಯರು, ಮೂವರೂ ನಾಜಿಗಳ ಕೈಯಲ್ಲಿ ಸತ್ತರು. ಗೆರ್ಟಿಯ ತಾಯಿ ಎಲ್ಲಿಯನ್ನು 1941ರಲ್ಲಿ ಪ್ರಾಗ್‌ನಿಂದ ಪೋಲೆಂಡಿನ ಊಚ್ ಘೆಟ್ಟೋಗೆ ಸಾಗಿಸಿದರು, ವಾಪಸ್ ಬರಲಿಲ್ಲ. ಅಂದರೆ ಕೌಫ್‌ಮನ್ ಅವರ ಅತ್ತೆ. ಆ ವರ್ಷಗಳಲ್ಲೂ ಬಾಂಬೆಯಲ್ಲಿ ದಿನಾ ಬೆಳಿಗ್ಗೆ ಈ ಟ್ಯೂನ್ ಬರ್ತಾನೇ ಇತ್ತು.

(ಮೇಲೆ ಅಕ್ಕತಂಗಿಯರು ಅಂದೆ, ತಂಗಿಯರು ಅಂತ ಓದಿಕೊಳ್ಳಿ. ಕಾಫ್ಕಾನೇ ದೊಡ್ಡವರು.)

ಸುಮ್ನೆ ಓದುವವಳು:
...

ಬ್ಲೂಮಿಂಗ್ಟನ್ ವಾಪಸಿ:
ಲೇಟಾಗಿ ಬಂದೆ, ಕ್ಷಮಿಸಿ. ನಾನು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡಿದ್ದು. ಸಂಗೀತ ಅಲ್ಲ, ಕಂಪ್ಯೂಟರ್. ಚಳಿಗಾಲದಲ್ಲಿ ಬೆಚ್ಚಗಿರುತ್ತೆ ಅಂತ ಸಂಗೀತದ ಲೈಬ್ರರಿಯಲ್ಲಿ ಕೂತು ಓದ್ತಿದ್ದೆ. ಒಂದು ದಿನ ಶೆಲ್ಫಿನಲ್ಲಿ ದಪ್ಪ ಪುಸ್ತಕ, ಬೆನ್ನ ಮೇಲೆ ದಿ ರಾಗಾಸ್ ಆಫ್ ಸೌತ್ ಇಂಡಿಯಾ, ಡಬ್ಲ್ಯೂ. ಕೌಫ್‌ಮನ್. 1976ರದ್ದು. ತೆಗೆದರೆ ಪುಟದ ಮೇಲೆ ಪುಟ ರಾಗಗಳು, 72 ಮೇಳಕರ್ತದ (ರಾಗಗಳ ಮೂಲ ಗುಂಪುಗಳ) ಕ್ರಮದಲ್ಲಿ, ಎಲ್ಲ ಪಾಶ್ಚಾತ್ಯ ಸ್ಟಾಫ್ ಗೆರೆಗಳ ಮೇಲೆ. ನನಗೆ ಆ ಗೆರೆ ಓದೋಕೆ ಬರಲ್ಲ. ಆದರೆ ಖರಹರಪ್ರಿಯ, ಹರಿಕಾಂಭೋಜಿ, ಅಮ್ಮ ಹಾಡುತ್ತಿದ್ದ ಹೆಸರುಗಳು ಒಂದಾದ ಮೇಲೆ ಒಂದು. ಹೊರಗೆ ಮೊಣಕಾಲುದ್ದ ಹಿಮ.

ಲೈಬ್ರರಿಯವರನ್ನು ಕೇಳಿದಾಗ ಅವರು ಇಲ್ಲೇ ಪ್ರೊಫೆಸರ್ ಆಗಿದ್ದರು, ಅವರ ಕಾಗದಪತ್ರ ನಮ್ಮಲ್ಲೇ ಇದೆ ಅಂದರು. 1946ರಲ್ಲಿ ಬಾಂಬೆ ಬಿಟ್ಟು ಇಂಗ್ಲೆಂಡು, ಅಲ್ಲಿಂದ ಕೆನಡಾದ ಹ್ಯಾಲಿಫ್ಯಾಕ್ಸ್, ಆಮೇಲೆ ಸುಮಾರು ಹತ್ತು ವರ್ಷ ವಿನಿಪೆಗ್ ಸಿಂಫನಿ ನಡೆಸಿ, 1957ರಲ್ಲಿ ಬ್ಲೂಮಿಂಗ್ಟನ್‌ಗೆ ಬಂದರಂತೆ. ತೀರಿಕೊಂಡಿದ್ದೂ ಅಲ್ಲೇ, 1984ರ ಸೆಪ್ಟೆಂಬರ್. ಆಕಾಶವಾಣಿ ಟ್ಯೂನ್ ಅವರದ್ದು ಅಂತ ಆಗ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಆ ಲೈಬ್ರರಿಯಲ್ಲೇ ಗುನುಗಿ ಬೈಸಿಕೊಳ್ತಿದ್ದೆ.

ಪಿಟೀಲು ಪುರಾಣಿಕ:
ಆ ಪುಸ್ತಕ ನಾನು ನೋಡಿದ್ದೀನಿ. ನೇರವಾಗಿ ಹೇಳ್ತೀನಿ, ಅದರಿಂದ ಒಂದು ರಾಗವನ್ನೂ ಕಲಿಯೋಕಾಗಲ್ಲ. ಆರೋಹಣ, ಅವರೋಹಣ ಬರೆದರೆ ರಾಗ ಆಗಿಬಿಡುತ್ತಾ? ದರ್ಬಾರ್ ಮತ್ತು ನಾಯಕಿ ತಗೊಳ್ಳಿ. ಭೈರವಿ, ಮಾಂಜಿ ತಗೊಳ್ಳಿ. ಕಾಗದದ ಮೇಲೆ ಅಣ್ಣತಮ್ಮಂದಿರು. ಹಾಡಿದರೆ ಒಂದೊಂದು ಒಂದೊಂದು ಊರು. ಅದು ಗುರುವಿನ ಮುಂದೆ ಕೂತು ಹತ್ತು ವರ್ಷ ಕಿವಿಯಲ್ಲಿ ಹಾಕಿಕೊಂಡರೆ ಬರೋದು. ಈ ಜರ್ಮನ್ ಪಂಡಿತರಿಗೆ ಎಲ್ಲವನ್ನೂ ಪಟ್ಟಿ ಮಾಡೋ ಚಟ.

ಬ್ಲೂಮಿಂಗ್ಟನ್ ವಾಪಸಿ:
ಸರ್, ಪುಸ್ತಕದ ಉಪಶೀರ್ಷಿಕೆಯೇ ಸ್ವರಶ್ರೇಣಿಗಳ ಪಟ್ಟಿ ಅಂತ. ರಾಗ ಕಲಿಸ್ತೀನಿ ಅಂತ ಅವರು ಎಲ್ಲೂ ಹೇಳಿಲ್ಲ. ಟೆಲಿಫೋನ್ ಡೈರೆಕ್ಟರಿ ನೋಡಿ ಇದರಲ್ಲಿ ಮನುಷ್ಯರ ಸ್ವಭಾವ ಇಲ್ಲ ಅಂದರೆ ಹೇಗೆ?

ಶ್ರುತಿಪೆಟ್ಟಿಗೆ:
ಪುರಾಣಿಕರೇ, ಗಮಕದ ಮಾತು ನೂರಕ್ಕೆ ನೂರು ನಿಜ. ಆದರೆ ಪಟ್ಟಿ ಮಾಡೋ ಚಟ ಜರ್ಮನ್ನರದ್ದಾ? ಎಪ್ಪತ್ತೆರಡು ಮೇಳ ಮಾಡಿದ್ದು ವೆಂಕಟಮಖಿ, ಹದಿನೇಳನೇ ಶತಮಾನದಲ್ಲಿ, ತಂಜಾವೂರಿನಲ್ಲಿ. ಆಗ ಅಷ್ಟೂ ಮೇಳಗಳಲ್ಲಿ ಹಾಡೋಕೆ ರಾಗಗಳೇ ಇರಲಿಲ್ಲ. ಲೆಕ್ಕಕ್ಕೆ ಮನೆ ಕಟ್ಟಿ ಇಟ್ಟರು, ಬಾಡಿಗೆಗೆ ಆಮೇಲೆ ಬಂದರು. ಅವರ ತಂದೆ ಗೋವಿಂದ ದೀಕ್ಷಿತರು ತಂಜಾವೂರು ನಾಯಕರ ಮಂತ್ರಿ, ಕನ್ನಡದವರು. 1904ರಲ್ಲಿ ಹಿಂದೂಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆ ದಕ್ಷಿಣಕ್ಕೆ ಬಂದಾಗ ಈ ಮೇಳ ಪದ್ಧತಿ ನೋಡಿಯೇ ಉತ್ತರದ ರಾಗಗಳಿಗೆ ಹತ್ತು ಥಾಟ್, ಅಂದರೆ ಹತ್ತು ಮೂಲ ಗುಂಪು ಮಾಡಿದ್ದು. ಕೌಫ್‌ಮನ್ 1968ರಲ್ಲಿ ಉತ್ತರದ ರಾಗಗಳ ಪುಸ್ತಕ ಬರೆದಾಗ ಜೋಡಿಸಿದ್ದು ಅದೇ ಥಾಟ್‌ಗಳಲ್ಲಿ. ಅಂದರೆ ನಮ್ಮ ಚಟವೇ ಸುತ್ತಿ ಬಂದು ಅವರಿಗೂ ಹತ್ತಿತು.

ಪಿಟೀಲು ಪುರಾಣಿಕ:
ವೆಂಕಟಮಖಿಗೆ ಹಾಡೋಕೆ ಬರ್ತಿತ್ತು ಮೇಡಂ.

ಶ್ರುತಿಪೆಟ್ಟಿಗೆ:
ಇವರೂ ಬರೀ ಪಟ್ಟಿಕಾರರಲ್ಲ, ಕಂಪೋಸರ್. ಕೇಳಿ ನೋಡಿ, ಆಮೇಲೆ ಮಾತಾಡೋಣ.

ಮಲ್ಲೇಶ್ವರಂ ಮೋಝಾರ್ಟ್:
ಕೇಳೋಕೆ ಈಗ ಸಿಗುತ್ತೆ. ಟೊರಾಂಟೋದ ಎಆರ್‌ಸಿ ಆನ್‌ಸಾಂಬಲ್ ಅನ್ನೋ ವಾದ್ಯಗುಂಪಿನವರು 2020ರಲ್ಲಿ ಇವರ ಚೇಂಬರ್ ಸಂಗೀತದ ರೆಕಾರ್ಡ್ ತಂದಿದ್ದಾರೆ. ದೇಶ ಬಿಟ್ಟು ಓಡಿದ ಕಂಪೋಸರ್‌ಗಳದ್ದೇ ಒಂದು ಸರಣಿ ಅದು. ಎರಡು ಕ್ವಾರ್ಟೆಟ್ (ನಾಲ್ವರು ನುಡಿಸೋದು), ಪಿಟೀಲು ಸೊನಾಟಾ, ಸೆಪ್ಟೆಟ್ (ಏಳು ಜನರದ್ದು) ಇದೆ. ನನಗೆ ಅನಿಸಿದ್ದು ಹೇಳ್ತೀನಿ: ಎಲ್ಲೂ ಒಗ್ಗರಣೆ ಹಾಕಿದ ಹಾಗಿಲ್ಲ. ಎಷ್ಟೋ ವಿದೇಶಿ ಕಂಪೋಸರ್‌ಗಳು ನಮ್ಮದನ್ನು ಬಳಸೋದು ಅಂದರೆ ಮಧ್ಯದಲ್ಲಿ ಹಾವಾಡಿಗನ ಪುಂಗಿ ತರಹ ಎರಡು ಸಾಲು ತುರುಕೋದು. ಇಲ್ಲಿ ಚೆಲ್ಲೋ ಎಷ್ಟೋ ಹೊತ್ತು ಒಂದೇ ಸ್ವರ ಹಿಡಿದು ಕೂರುತ್ತೆ, ಮೇಲಿನವರು ನಿಧಾನಕ್ಕೆ ಅದರ ಸುತ್ತ ನಡೀತಾರೆ. ಗಮಕ ಇಲ್ಲ, ಒಪ್ಪಿದೆ. ಆದರೆ ತಂಬೂರಿ ಪಕ್ಕ ಕೂತು ಎದ್ದವರು ಬರೆದದ್ದು ಅಂತ ಗೊತ್ತಾಗುತ್ತೆ.

ಪಿಟೀಲು ಪುರಾಣಿಕ:
ಸರಿ, ಕೇಳ್ತೀನಿ. ಕೇಳಿ ಬೈತೀನಿ.

ಹಾರ್ಮೋನಿಯಂ ಹನಮಂತ:
ಅದರಾಗ ಹಾರ್ಮೋನಿಯಂ ಐತೇನ್ರೀ?

ಮಲ್ಲೇಶ್ವರಂ ಮೋಝಾರ್ಟ್:
ಇಲ್ಲ ಸರ್ 😔

ಅಟ್ಟದ ರೇಡಿಯೋ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳಿಗೆ ಹೇಳಿದೆ. ವಾದಪ್ರಿಯ ಅವರಿಗೋಸ್ಕರ "ಅಂತಾರೆ" ಸೇರಿಸಿದೆ. ಪೂರ್ತಿ ಕೇಳಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅವರು ಆಮೇಲೆ ಅಮೆರಿಕಕ್ಕೆ ಹೋದ್ರಲ್ಲ, ಅಲ್ಲಿ ಅವರಿಗೆ ಈ ಟ್ಯೂನ್ ಕೇಳಿಸ್ತಿತ್ತಾ?" ಉತ್ತರ ಇರಲಿಲ್ಲ.

ತಮ್ಮಣ್ಣನವರೇ, ರೇಡಿಯೋ ಹಾಕಬೇಡಿ ಅಂದಿರಿ, ನಾಲ್ಕು ದಿನದಿಂದ ಹಾಕಿಲ್ಲ. ಆ ಗುಂಯ್ ಹೋಗೋಕೆ ಏನು ಮಾಡಬೇಕು?

ತಂತಿ ತಮ್ಮಣ್ಣ:
ಶಹಬ್ಬಾಸ್. ಫಿಲ್ಟರ್ ಕೆಪಾಸಿಟರ್ ಎರಡು ಬದಲಾಯಿಸಬೇಕು, ದೊಡ್ಡ ಡಬ್ಬಿ ಥರ ಇರುತ್ತೆ. ಮೇಣದ ಕಾಗದ ಸುತ್ತಿದ ಸಣ್ಣವನ್ನೂ ಬದಲಾಯಿಸಿದರೆ ಒಳ್ಳೆಯದು. ಎಸ್‌ಪಿ ರೋಡಲ್ಲಿ ಸಿಗುತ್ತೆ, 450 ವೋಲ್ಟಿನದ್ದು ಕೇಳಿ, ಕಮ್ಮಿದು ತರಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತೆ, ನೀವೇ ಕೈ ಹಾಕಬೇಡಿ, ಗೊತ್ತಿರೋರಿಗೆ ಕೊಡಿ. ನಮ್ಮ ಕರೆಂಟ್ 50 ಸೈಕಲ್, ರೆಕ್ಟಿಫೈ ಆಗಿ 100 ಆಗಿ ಸ್ಪೀಕರಿಗೆ ಬರುತ್ತೆ, ಅದೇ ನಿಮ್ಮ ಗುಂಯ್.

ಶ್ರುತಿಪೆಟ್ಟಿಗೆ:
100 ಅಂದರೆ ಹೆಚ್ಚು ಕಮ್ಮಿ ಪಾಶ್ಚಾತ್ಯರ ಜಿ ಸ್ವರ. ಅಂದರೆ ಐದು ಮನೆ ಶ್ರುತಿ! ಸುಮ್ನೆ ಯಾಕೆ ರಿಪೇರಿ, ತಂಬೂರಿ ಅಂತ ಇಟ್ಟುಕೊಳ್ಳಿ.

ಅಟ್ಟದ ರೇಡಿಯೋ:
ಅದಕ್ಕೇ ಅನಿಸುತ್ತೆ ಮೊನ್ನೆ ಆ ಟ್ಯೂನ್ ಜೊತೆ ಅದು ಅಷ್ಟು ಅಪಸ್ವರ ಕೇಳಿಸಿದ್ದು. ಮಗಳು ಹಲ್ಲುಜ್ಜೋದು ನಿಲ್ಲಿಸಿ ಕಿವಿ ಮುಚ್ಚಿಕೊಂಡಿದ್ದಳು. ಶನಿವಾರ ಎಸ್‌ಪಿ ರೋಡಿಗೆ ಹೋಗ್ತೀನಿ.